ಬ್ಯಾಂಡ್ ಮೇಷ್ಟ್ರ ಮೇಲ್ದವಡೆ

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣವೇ ಕಾಣಲಿಲ್ಲ. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು ಇದ್ದದ್ದು ಮಹಡಿಯ ಮೇಲೆ. ಕೆಳಗೆ ಗಾಜಿನ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲಿ ಕಾಯುವವರಿಗೆಂದು ಉದ್ದನೆಯ ಕೋಣೆ, ಅದರಲ್ಲಿ ಎದುರುಬದುರು ಎರಡು ಬೆಂಚು, ಗೋಡೆಯ ಮೇಲೆ ಬೇರುಸಮೇತ ನಗುತ್ತಿರುವ ದವಡೆಹಲ್ಲಿನ ಚಿತ್ರ. ಒಳಗಿನಿಂದ ಜುಂಯ್ ಎಂದು ಬರುತ್ತಿದ್ದ ಯಂತ್ರದ ಸದ್ದು ಕೆಮ್ಮಿದಂತಾಗಿ ನಿಂತುಹೋಯಿತು. ಕರೆಂಟು ಹೋಗಿತ್ತು. ಸಿಸ್ಟರ್ ಬಂದು ಕಿಟಕಿಯ ಕಟ್ಟೆಯ ಮೇಲೆ ಮೇಣದಬತ್ತಿ ಹಚ್ಚಿಟ್ಟು, "ಕರೆಂಟ್ ಬರೋವರೆಗೂ ಏನೂ ಮಾಡೋಕಾಗಲ್ಲ, ಕೂತಿರಿ" ಎಂದು ಒಳಗೆ ಹೋದಳು.

ಎದ್ದು ಹೋಗುವುದಾದರೂ ಎಲ್ಲಿಗೆ? ಬೀದಿಯಲ್ಲಿ ಮೊಣಕಾಲುದ್ದ ನೀರು. ಕೆನ್ನೆ ಹಿಡಿದುಕೊಂಡ ಒಬ್ಬ ಹೆಂಗಸು, ಪರಸ್ಪರ ಮಾತು ಬಿಟ್ಟು ಕೂತಿದ್ದ ಗಂಡಹೆಂಡತಿ, ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತರಾದ ಒಬ್ಬರು, ಎಲ್ಲರೂ ಮಳೆಯನ್ನು ನೋಡುತ್ತ ಮನಸ್ಸಿನಲ್ಲೇ ಯಾರನ್ನೋ ಬಯ್ಯುತ್ತಿದ್ದರು. ಕೊನೆಗೆ ಕಂಡಕ್ಟರರ ಬಾಯಿಂದ ಅದು ಹೊರಗೇ ಬಂತು.

"ಕರೆಂಟ್ ಇದ್ರೆ ಮಾತ್ರ ಬೇಗ ಬಿಡ್ತಾರಾ? ಬೇರೆ ಕಡೆ ಬಾಯಿ ಅಳತೆ ತಗೊಂಡ್ರೆ ಹೋಗಿಬನ್ನಿ ಅಂತಾರೆ. ಇಲ್ಲಿ ಹಂಗಲ್ಲ. ಪ್ಲಾಸ್ಟರ್ ಕಲಸಿ, ಆ ಅಳತೆಯೊಳಗೆ ಹುಯ್ದು, ಅದು ಗಟ್ಟಿಯಾಗಿ, ಕಳಚಿ, ಡಾಕ್ಟರಮ್ಮ ಅದನ್ನ ಬೆಳಕಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಆಮೇಲೆ ಇನ್ನೊಂದ್ಸಲ ನಮ್ಮ ಬಾಯೊಳಗೆ ಇಣುಕಿ... ಅಲ್ಲಿವರೆಗೂ ಯಾರನ್ನೂ ಬಿಡಲ್ಲ. ಯಾವ ಕಳ್ಳ ಮಾಲು ಹುಡುಕ್ತಾರೋ."

"ಮಾಲಲ್ಲಪ್ಪ ಅವರು ಹುಡುಕೋದು," ಎಂದಿತು ಮೂಲೆಯಿಂದ ಒಂದು ದನಿ. "ನಮ್ಮನೆಯವರನ್ನ."

ಎಲ್ಲರೂ ತಿರುಗಿದರು. ಬೆಂಚಿನ ತುದಿಯಲ್ಲಿ, ಒದ್ದೆ ಕೊಡೆಯನ್ನು ಗೋಡೆಗೊರಗಿಸಿ, ಕಾಲು ಮೇಲೆತ್ತಿ ಕೂತಿದ್ದ ಒಬ್ಬ ಅಜ್ಜಿ.

"ನಿಮ್ಮನೆಯವರು ಒಳಗಿದ್ದಾರಾ?" ಕಂಡಕ್ಟರ್ ಕೇಳಿದರು.

"ಇರಬಾರದು. ತೀರಿಹೋಗಿ ಬಹಳ ವರ್ಷ ಆಯ್ತು."

ಮಾತು ಬಿಟ್ಟಿದ್ದ ಗಂಡಹೆಂಡತಿ ಮುಖ ಮುಖ ನೋಡಿಕೊಂಡರು.

"ಕೆನ್ನೆ ಹಿಡ್ಕೊಂಡಿದ್ದೀಯಲ್ಲಮ್ಮ, ನೀನು ಈ ಕಡೆ ಬಾ," ಎಂದರು ಅಜ್ಜಿ. "ನಂಗೆ ಜೋರಾಗಿ ಹೇಳೋಕಾಗಲ್ಲ, ಡಾಕ್ಟರಮ್ಮನ ಕಿವಿಗೆ ಬಿದ್ರೆ ಬೇಜಾರು ಮಾಡ್ಕೋತಾರೆ. ನಂಬೋರು ನಂಬಿ, ನಂಬದಿದ್ದೋರು ಹಲ್ಲುನೋವು ಮರೆಯೋಕೆ ಒಂದು ಕತೆ ಅಂದ್ಕೊಳ್ಳಿ. ನಂಗೆ ಗೊತ್ತಿರೋದು ಅರ್ಧ, ಡಾಕ್ಟರಮ್ಮನೇ ಆಮೇಲೆ ನನ್ನ ಕೈ ಹಿಡ್ಕೊಂಡು ಹೇಳಿದ್ದು ಅರ್ಧ... ಎರಡನ್ನೂ ಸೇರಿಸಿ ಹೇಳ್ತೀನಿ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನಮ್ಮನೆಯವರದು ಅದಕ್ಕಿಂತ ವಿಚಿತ್ರ. ಹಲ್ಲೂ ಇತ್ತು, ಕಡಲೆನೂ ಇತ್ತು... ಎರಡಕ್ಕೂ ಹೊಂದಾಣಿಕೆ ಇರಲಿಲ್ಲ."

ಅಜ್ಜಿ ಹೇಳಿದ್ದು ಹೀಗೆ.

ಅಜ್ಜಿಯ ಗಂಡನನ್ನು ಊರೆಲ್ಲ ಬ್ಯಾಂಡ್ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಕ್ಲಾರಿನೆಟ್ ಅವರ ವಾದ್ಯ. ಮದುವೆ, ಮೆರವಣಿಗೆ, ಸಭೆ, ಸಮಾರಂಭ ಎಂದು ಊದಿ ಊದಿ, ಎಷ್ಟೋ ಜನರಿಗೆ ಕಲಿಸಿ, ಕೊನೆಗೆ ಬ್ಯಾಂಡನ್ನು ಶಿಷ್ಯರ ಕೈಗೆ ಕೊಟ್ಟು ಮನೆಯಲ್ಲಿ ಕೂತಿದ್ದರು. ಕೂತಿದ್ದರು ಎಂದರೆ ಸುಮ್ಮನೆ ಕೂತಿದ್ದರು ಎಂದಲ್ಲ. ಮಧ್ಯಾಹ್ನದ ಊಟವಾಗಿ, ಹೆಂಡತಿ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವ ಹೊತ್ತಿಗೆ, ಕಿಟಕಿ ತೆರೆದು ಊದಲು ಶುರುಮಾಡುತ್ತಿದ್ದರು. ಕೆಳಗಿನ ಸೈಕಲ್ ರಿಪೇರಿಯವನು ಪಾನಾ ಕೆಳಗಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಮಾತಿನಲ್ಲಿ ಎರಡು ವಾಕ್ಯ ಸರಿಯಾಗಿ ಹೇಳಲು ಬಾರದ ಆ ಸಂಕೋಚದ ಮನುಷ್ಯ ತನ್ನೊಳಗೆ ಇರುವುದನ್ನೆಲ್ಲ ಹೇಳುತ್ತಿದ್ದದ್ದು ಆ ಒಂದು ಹೊತ್ತಿನಲ್ಲಿ, ಆ ಒಂದು ಕೊಳವೆಯ ಮೂಲಕ.

ವಯಸ್ಸಾಯಿತು, ವಸಡು ಸಡಿಲವಾಯಿತು, ಮೇಲಿನ ಹಲ್ಲುಗಳು ಒಂದೊಂದಾಗಿ ಬಿದ್ದವು. ಕೆಳಗಿನವು ಸವೆದು ಗಿಡ್ಡವಾದರೂ ನಿಂತುಕೊಂಡವು. ಮೇಲೆ ಕೊನೆಗೆ ಉಳಿದದ್ದು ಮುಂದಿನ ಎರಡು ಮಾತ್ರ. ಆ ಎರಡೂ ಮೊದಲಿನಿಂದ ನೆಟ್ಟಗಿದ್ದವಲ್ಲ. ತುಂಬಿದ ಬಸ್ಸಿನಲ್ಲಿ ಹೆಗಲಿಗೆ ಹೆಗಲು ಒತ್ತಿ ನಿಂತವರಂತೆ ಒಂದು ತುಸು ಮುಂದೆ, ಇನ್ನೊಂದು ಓರೆಯಾಗಿ ಅದರ ಹಿಂದೆ. ಅವೂ ಅಲುಗಾಡತೊಡಗಿದಾಗ ಮೇಷ್ಟ್ರು ಹಲ್ಲಿನ ಡಾಕ್ಟರಮ್ಮನ ಮೆಟ್ಟಿಲು ಹತ್ತಿದರು.

ಡಾಕ್ಟರಮ್ಮನಿಗೆ ಆಗ ಚಿಕ್ಕ ವಯಸ್ಸು. ಬೇರೆಯವರ ಹಾಗೆ ಅಳತೆ ತೆಗೆದು ಹೊರಗೆ ಮಾಡಿಸುವವರಲ್ಲ. ಹಿಂದಿನ ಕೋಣೆಯಲ್ಲಿ ತಾವೇ ಕೂತು ಪ್ಲಾಸ್ಟರ್ ಹುಯ್ದು, ಮೇಣ ಕರಗಿಸಿ, ಹಲ್ಲು ಜೋಡಿಸಿ ಸೆಟ್ಟು ಮಾಡುತ್ತಿದ್ದರು. ಅವರು ಕಟ್ಟಿದ ಹಲ್ಲನ್ನು ಹುಟ್ಟಿದ ಹಲ್ಲಲ್ಲ ಎಂದು ಹೇಳುವವರಿರಲಿಲ್ಲ. ಆ ಹೆಮ್ಮೆಯೂ ಅವರಿಗಿತ್ತು, ಇರಬಾರದು ಎನ್ನಲು ಯಾರಿಗೆ ಸಾಧ್ಯ? ಅಲುಗುವ ಎರಡನ್ನೂ ಕಿತ್ತು, ವಸಡು ಮಾಗಿದ ಮೇಲೆ ಅಳತೆ ತೆಗೆಯುವಾಗ ಮೇಷ್ಟ್ರು ಬಾಯಿಗೆ ಅಂಗೈ ಅಡ್ಡ ಹಿಡಿದು ಕೇಳಿದರು.

"ಡಾಕ್ಟರಮ್ಮ, ಮುಂದಿನ ಎರಡು... ಹೆಂಗಿದ್ವೋ ಹಂಗೇ ಇಡೋಕಾಗತ್ತಾ? ಒಂದು ಸ್ವಲ್ಪ ಓರೆಯಾಗೇ?"

ಡಾಕ್ಟರಮ್ಮ ನಕ್ಕುಬಿಟ್ಟರು. "ಓರೆ ಹಲ್ಲು ನೆಟ್ಟಗೆ ಮಾಡಿ ಅಂತ ಜನ ಬರ್ತಾರೆ ಮೇಷ್ಟ್ರೇ. ನೆಟ್ಟಗಿರೋದನ್ನ ಓರೆ ಮಾಡಿ ಅಂತ ಬಂದಿರೋದು ನೀವೊಬ್ಬರೇ. ಸುಮ್ನಿರಿ, ಮದುವೆ ಗಂಡಿನ ಥರ ಮಾಡಿ ಕಳಿಸ್ತೀನಿ."

ಮೇಷ್ಟ್ರು ಮತ್ತೆ ಕೇಳಲಿಲ್ಲ. ಎರಡನೇ ಸಲ ಕೇಳುವ ಜಾಯಮಾನದವರೇ ಅಲ್ಲ.

ಸೆಟ್ಟು ಬಂತು. ಮುತ್ತು ಪೋಣಿಸಿದ ಹಾಗೆ ಹಲ್ಲು. ಊಟಕ್ಕೆ ಸರಿ, ಮಾತಿಗೆ ಸರಿ. ಸೈಕಲ್‌ನವನು, ಎದುರುಮನೆಯವರು, ಎಲ್ಲರೂ ಮೆಚ್ಚಿದ್ದೇ ಮೆಚ್ಚಿದ್ದು. ಮಧ್ಯಾಹ್ನ ಮೇಷ್ಟ್ರು ಕ್ಲಾರಿನೆಟ್ ತುಟಿಗೆ ಇಟ್ಟರು... ಬಾತುಕೋಳಿ ಕಾಲಡಿಗೆ ಸಿಕ್ಕ ಹಾಗೆ ಒಂದು ಸದ್ದು. ಇನ್ನೊಮ್ಮೆ ಊದಿದರು, ಅದೇ. ನುಣ್ಣಗಿನ ಹಲ್ಲಿನ ಮೇಲೆ ವಾದ್ಯದ ತುದಿ ನಿಲ್ಲದು, ಜಾರುತ್ತದೆ. ಒತ್ತಿ ಹಿಡಿದರೆ ಸೆಟ್ಟೇ ಮೇಲೇಳುತ್ತದೆ.

ಮರುದಿನ ಕ್ಲಿನಿಕ್ಕಿಗೆ ಹೋದರು. "ಎಲ್ಲಾ ಚೆನ್ನಾಗಿದೆ ಡಾಕ್ಟರಮ್ಮ. ಕೂದಲೆಳೆಯಷ್ಟು... ಕೂರ್ತಾ ಇಲ್ಲ."

ಡಾಕ್ಟರಮ್ಮ ಕೆಂಪು ಕಾಗದ ಕಚ್ಚಿಸಿ, ಎಲ್ಲಿ ತಾಗುತ್ತದೆ ನೋಡಿ, ಉಜ್ಜಿ ಕಳಿಸಿದರು. ವಾರ ಕಳೆಯುವುದರೊಳಗೆ ಮತ್ತೆ ಬಂದರು. ಅದೇ ಮಾತು. ಅಂಗುಳಿನ ಕಡೆ ತೆಳುವು ಮಾಡಿದರು, ಅಂಚು ಎತ್ತರಿಸಿದರು, ಅಂಟು ಕೊಟ್ಟರು. ಮತ್ತೆ ಬಂದರು. ಬೇಸತ್ತು ಹೊಸ ಅಳತೆ ತೆಗೆದು ಬೇರೆ ಸೆಟ್ಟನ್ನೇ ಮಾಡಿದರು. ಅದು ಮೊದಲಿನದಕ್ಕಿಂತ ಚೆಂದ, ಮೊದಲಿನದಕ್ಕಿಂತ ನೆಟ್ಟಗೆ. ಅದನ್ನು ಹಾಕಿಕೊಂಡು ಹೋದ ಮೇಷ್ಟ್ರು ಮತ್ತೆ ಬಾಗಿಲಲ್ಲಿ. ಎಲ್ಲಿ ಕೂರುತ್ತಿಲ್ಲ, ಹೇಗೆ ಕೂರುತ್ತಿಲ್ಲ ಎಂದು ಕೇಳಿದರೆ ಹೇಳಲು ಬರದು. ಕೈಯಿಂದ ಗಾಳಿಯಲ್ಲಿ ಊದುವಂತೆ ಏನೋ ತೋರಿಸುವುದು, ತಲೆ ಕೆರೆಯುವುದು, "ಕೂದಲೆಳೆ" ಎನ್ನುವುದು.

"ಮನೆಲಿ ಕೇಳ್ತೀರಾ?" ಅಜ್ಜಿ ಇಲ್ಲಿ ನಿಲ್ಲಿಸಿ ಎಲ್ಲರ ಮುಖ ನೋಡಿದರು. "ಊದೋದು, ಬಯ್ಯೋದು, ಹಲ್ಲು ತೆಗೆದು ಲೋಟಕ್ಕೆ ಹಾಕೋದು, ಮತ್ತೆ ಹಾಕ್ಕೊಳ್ಳೋದು, ಮತ್ತೆ ಊದೋದು. ಸಾರಲ್ಲಿ ಉಪ್ಪು ಹೆಚ್ಚಾದ್ರೂ ಹಲ್ಲಿನ ತಪ್ಪು, ನಾನು ಕೆಮ್ಮಿದ್ರೂ ಹಲ್ಲಿನ ತಪ್ಪು. ನಂಗೂ ರೋಸಿಹೋಗಿತ್ತು ಕಣಮ್ಮ. ಆದ್ರೆ ಅದಕ್ಕಿಂತ ಹೆಚ್ಚಾಗಿ... ಊಟ ಆದ್ಮೇಲೆ ಮನೆ ಬಿಕೋ ಅನ್ನೋದು. ಅದನ್ನ ಯಾರ ಹತ್ರ ಹೇಳ್ಕೊಳ್ಳೋದು?"

ಹೀಗೇ ಒಂದು ದಿನ ಕ್ಲಿನಿಕ್ಕು ಜನರಿಂದ ತುಂಬಿತ್ತು. ಡಾಕ್ಟರಮ್ಮನಿಗೆ ಬೆಳಗಿನಿಂದ ಉಸಿರಾಡಲು ಬಿಡುವಿಲ್ಲ. ಸಾಲಿನ ಕೊನೆಯಲ್ಲಿ ಮೇಷ್ಟ್ರ ತಲೆ ಕಂಡದ್ದೇ ಅವರ ಮೈ ಉರಿದುಹೋಯಿತು. ಕುರ್ಚಿಯಲ್ಲಿ ಕೂತ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಅಂದರು:

"ಕೂದಲೆಳೆ ಅಲ್ವಾ? ನೋಡಿ ಮೇಷ್ಟ್ರೇ, ಹಲ್ಲಲ್ಲಿ ಏನೂ ತೊಂದರೆ ಇಲ್ಲ. ನಿಮಗೆ ಉಸಿರು ಸಾಲ್ತಾ ಇಲ್ಲ, ವಯಸ್ಸಾಯ್ತು, ಅದನ್ನ ಒಪ್ಕೊಳ್ಳಿ. ಕುಣಿಯೋಕಾಗದೋಳು ನೆಲ ಡೊಂಕು ಅಂದಳಂತೆ."

ಹೊರಗೆ ಕೂತಿದ್ದವರು ನಕ್ಕರು. ಬಾಗಿಲು ತೆರೆದೇ ಇತ್ತು.

ಮೇಷ್ಟ್ರು ಬಾಯಿಗೆ ಕೈ ಅಡ್ಡ ಇಟ್ಟು ಸೆಟ್ಟು ತೆಗೆದರು, ಕರ್ಚೀಫಿನಲ್ಲಿ ಒರೆಸಿದರು, ಡಾಕ್ಟರಮ್ಮನ ಮೇಜಿನ ಮೇಲೆ ಹಗುರವಾಗಿ ಇಟ್ಟರು. ಬೊಚ್ಚು ಬಾಯಲ್ಲಿ "ಬರ್ತೀನಮ್ಮ" ಎಂದು ಮೆಟ್ಟಿಲಿಳಿದು ಹೋದರು. ಡಾಕ್ಟರಮ್ಮನಿಗೆ ಆ ಕ್ಷಣಕ್ಕೆ ಛೆ ಎನಿಸಿತು. ಕರೆಯೋಣ ಎಂದುಕೊಂಡರು. ಅಷ್ಟರಲ್ಲಿ ಮುಂದಿನವರು ಬಂದು ಕೂತು ಬಾಯಿ ತೆರೆದಿದ್ದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಮೇಷ್ಟ್ರಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿದ ಡಾಕ್ಟರಮ್ಮ ಒಂದು ಗಳಿಗೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಿಂತರು. ದುಃಖವಾಯಿತು, ನಿಜ. ಆದರೆ ಒಳಗೆಲ್ಲೋ, ಇನ್ನು ಆ ತಲೆ ಬಾಗಿಲಲ್ಲಿ ಕಾಣಿಸುವುದಿಲ್ಲವಲ್ಲ ಎಂಬ ನೆಮ್ಮದಿಯೂ ಇಣುಕಿತು. ಮೇಷ್ಟ್ರ ಬಾಯಿಯ ಪ್ಲಾಸ್ಟರ್ ಅಚ್ಚನ್ನು, ಅವರು ಬಿಟ್ಟುಹೋದ ಸೆಟ್ಟನ್ನು ಹಿಂದಿನ ಕೋಣೆಯ ಮೇಲಿನ ಕಪಾಟಿಗೆ ಸೇರಿಸಿದರು.

"ನೆಮ್ಮದಿಯಂತೆ, ನೆಮ್ಮದಿ..." ಎಂದು ಅಜ್ಜಿ ತಲೆಯಾಡಿಸಿದರು. "ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅನ್ನೋ ಮಾತು ಯಾಕೆ ಹುಟ್ಟಿದೆ ಹೇಳಿ?"

ಮೊದಲು ಬಂದವರು ನಿವೃತ್ತ ಪೋಸ್ಟ್‌ಮ್ಯಾನ್. ಹೊಸ ಸೆಟ್ಟು ಹಾಕಿಸಿಕೊಂಡು ಹೋದವರು ಮರುದಿನವೇ ತಿರುಗಿ ಬಂದು, ಸೆಟ್ಟು ಬಾಯಲ್ಲಿ ನಿಲ್ಲುತ್ತಲೇ ಇಲ್ಲ ಎಂದರು. ಉಜ್ಜಿ, ಅಂಚು ಸರಿಮಾಡಿ ಕೊಟ್ಟರೆ ಮತ್ತೆ ಬಂದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಕೂದಲೆಳೆಯಷ್ಟು... ಕೂರ್ತಾ ಇಲ್ಲ ಡಾಕ್ಟರಮ್ಮ" ಎಂದರು. ಡಾಕ್ಟರಮ್ಮ ಬೆಚ್ಚಿ ತಲೆಯೆತ್ತಿದರು. ಯಾರಾದರೂ ಹೇಳುವ ಮಾತೇ ಅದು, ಎಂದು ಸಮಾಧಾನ ಮಾಡಿಕೊಂಡರು. ಆಮೇಲೆ ಹೂವಿನ ಅಂಗಡಿಯ ಮುದುಕಿ. ಆಮೇಲೆ ಲಾರಿ ಓಡಿಸುತ್ತಿದ್ದ ದಪ್ಪ ಆಳು. ಅವನ ಅಗಲವಾದ ದವಡೆಗೆ ಮಾಡಿದ ಸೆಟ್ಟು ಚಿಕ್ಕ ಮಗುವಿನ ಚಪ್ಪಲಿಯಂತೆ ಒಳಗೆ ಅಲ್ಲಾಡಿತು. ಎಲ್ಲರದೂ ಒಂದೇ ದೂರು. ಮತ್ತೆ ಮಾಡಿದರೂ ಅಷ್ಟೇ, ಮೂರನೆಯ ಸಲ ಮಾಡಿದರೂ ಅಷ್ಟೇ.

ಎಲ್ಲಿ ತಪ್ಪುತ್ತಿದೆ? ಡಾಕ್ಟರಮ್ಮ ಪ್ಲಾಸ್ಟರನ್ನು ಬದಲಾಯಿಸಿದರು. ಮೇಣ ಬದಲಾಯಿಸಿದರು. ಕಲಸುವ ನೀರನ್ನು ಕುದಿಸಿ ಆರಿಸಿ ಹಾಕಿದರು. ಆಮೇಲೆ ಸಿಟ್ಟು ಸಿಸ್ಟರಿನ ಮೇಲೆ ತಿರುಗಿತು. "ಒಬ್ಬರ ಅಚ್ಚಿಗೆ ಇನ್ನೊಬ್ಬರ ಹೆಸರು ಬರೀತೀಯಾ. ಕಣ್ಣು ಎಲ್ಲಿಟ್ಟಿರ್ತೀಯಾ?" ಎಂದರು. ಆಗಿನ ಸಿಸ್ಟರ್ ವಯಸ್ಸಾದಾಕೆ, ಕ್ಲಿನಿಕ್ಕು ಶುರುವಾದಂದಿನಿಂದ ಜೊತೆಗಿದ್ದವಳು. ಅವಳು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, "ನನ್ನ ಕಣ್ಣು ಸರಿಯಾಗೇ ಇದೆ ಡಾಕ್ಟ್ರೇ. ಅಚ್ಚು ಹುಯ್ಯೋದು ನಾನಲ್ಲ, ನೀವು" ಎಂದು ಹೋದವಳು ಬರಲಿಲ್ಲ. ಜನ ಕಡಿಮೆಯಾದರು. ಡಾಕ್ಟರಮ್ಮನ ಕೈಗುಣ ಹೋಯಿತು ಎಂದು ಕೆಳಗಿನ ಗಾಜಿನ ಅಂಗಡಿಯವನೂ ಮಾತಾಡಿಕೊಂಡ. ಡಾಕ್ಟರಮ್ಮ ತಮ್ಮ ಎರಡು ಕೈಯನ್ನು ನೋಡಿಕೊಳ್ಳುತ್ತ ಕೂರುವ ಹಾಗಾಯಿತು. ಕಲಿತದ್ದನ್ನೆಲ್ಲ ಯಾರೋ ರಾತ್ರೋರಾತ್ರಿ ಬೆರಳಿನಿಂದ ಕಿತ್ತುಕೊಂಡು ಹೋದರೆ ಮನುಷ್ಯರು ಏನು ಮಾಡಬೇಕು?

ಆಗ ಬಂದವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಮೆಟ್ಟಿಲಲ್ಲಿ ಬಿದ್ದು ಮೇಲಿನ ಒಂದು ಹಲ್ಲು ಮುರಿದುಕೊಂಡಿದ್ದಳು. ಉಳಿದವೆಲ್ಲ ದಾಳಿಂಬೆ ಬೀಜದಂತೆ ಗಟ್ಟಿ. ಅವಳಿಗೆ ಬೇಕಾಗಿದ್ದು ಬ್ರಿಡ್ಜು. ಎಂದರೆ ಅಕ್ಕಪಕ್ಕದ ಎರಡು ಹಲ್ಲುಗಳನ್ನು ತುಸು ಅರೆದು, ಅವುಗಳ ಮೇಲೆ ಟೋಪಿ ಕೂರಿಸಿ, ನಡುವೆ ಇಲ್ಲದ ಹಲ್ಲನ್ನು ತೂಗಿಸುವುದು. ಇದು ವಸಡಿನ ಮೇಲೆ ಕೂರುವ ಸೆಟ್ಟಲ್ಲ, ಇದರಲ್ಲಿ ತಪ್ಪಲು ಏನಿದೆ ಎಂದು ಡಾಕ್ಟರಮ್ಮನಿಗೆ ಬಹಳ ದಿನಗಳ ಮೇಲೆ ಧೈರ್ಯ ಬಂತು. ಹಲ್ಲು ಅರೆದರು, ಅಳತೆ ತೆಗೆದರು. ಬಾಯಿಗಿಟ್ಟು ತೆಗೆದ ಟ್ರೇಯ ಮೆದು ಹಿಟ್ಟಿನಲ್ಲಿ ಒಂದೊಂದು ಹಲ್ಲಿನ ಗುಂಡಿಯೂ ಸ್ಪಷ್ಟವಾಗಿ ಮೂಡಿತ್ತು. ಕಣ್ಣಾರೆ ನೋಡಿದರು. ಹುಡುಗಿಯನ್ನು ಕಳಿಸಿ, ತಾವೇ ಪ್ಲಾಸ್ಟರ್ ಕಲಸಿ, ತಾವೇ ಹುಯ್ದು, ಅಲ್ಲೇ ಕುರ್ಚಿ ಹಾಕಿಕೊಂಡು ಕಾದರು. ನಡುಮಧ್ಯಾಹ್ನ. ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಗಟ್ಟಿಯಾದ ಮೇಲೆ ಅಚ್ಚನ್ನು ಮೆಲ್ಲಗೆ ಕಳಚಿದರು...

ಅದರಲ್ಲಿ ಒಂದು ಹಲ್ಲೂ ಇರಲಿಲ್ಲ.

ನುಣ್ಣಗೆ, ಬೋಳಾದ, ಮುದುಕರ ವಸಡು. ಅಂಗುಳಿನ ನಡುವೆ ಹುಣಸೆಬೀಜದಷ್ಟು ಒಂದು ಗಂಟು. ಮುಂದೆ, ಎರಡು ಹಲ್ಲು ಕಿತ್ತ ಜಾಗದಲ್ಲಿ, ಒಂದು ಕಡೆ ತುಸು ಉಬ್ಬು.

ಡಾಕ್ಟರಮ್ಮ ಎದ್ದು ಮೇಲಿನ ಕಪಾಟಿನಿಂದ ಮೇಷ್ಟ್ರ ಅಚ್ಚನ್ನು ಇಳಿಸಿ ಪಕ್ಕದಲ್ಲಿಟ್ಟರು. ಒಂದೇ ತಾಯಿಯ ಅವಳಿ ಮಕ್ಕಳು. ಪೋಸ್ಟ್‌ಮ್ಯಾನರ ಅಚ್ಚು ತಂದಿಟ್ಟರು, ಹೂವಿನ ಮುದುಕಿಯದು ತಂದಿಟ್ಟರು, ಲಾರಿಯವನದು ತಂದಿಟ್ಟರು. ಮೇಜಿನ ತುಂಬ ಒಂದೇ ಬಾಯಿ, ಸಾಲಾಗಿ, ಏನೋ ಹೇಳಲು ತೆರೆದುಕೊಂಡು ಕೂತಿತ್ತು. ಹಲ್ಲಿಲ್ಲದ ಅಂಗುಳೆಲ್ಲ ಒಂದೇ ಥರ ಎಂದು ಇಷ್ಟು ದಿನ ಸರಿಯಾಗಿ ನೋಡಿರಲೇ ಇಲ್ಲ.

ಹೆದರಿಕೆಯಾಯಿತಾ ಎಂದರೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಸುತ್ತಿಗೆ ತೆಗೆದುಕೊಂಡು ಹುಡುಗಿಯ ಅಚ್ಚನ್ನು ಪುಡಿಪುಡಿ ಮಾಡಿದರು. ಮರುದಿನ ಅವಳನ್ನು ಕರೆಸಿ ಬೇರೆ ಅಳತೆ ತೆಗೆದು ಹುಯ್ದರು. ಅದೇ ಬೋಳು ವಸಡು. ಅದೇ ಹುಣಸೆಬೀಜ. ಅರೆದ ಹಲ್ಲು ಝುಂ ಎನ್ನುತ್ತಿರಲು ಹೊರಗೆ ಕಾಯುತ್ತಿದ್ದ ಹುಡುಗಿ, "ಎಷ್ಟು ದಿನ ಹೀಗೇ ಓಡಾಡ್ಲಿ ಡಾಕ್ಟ್ರೇ? ಮುರಿದಿದ್ದು ಒಂದು, ನೀವು ಹಾಳುಮಾಡಿದ್ದು ಎರಡು" ಎಂದು ಅತ್ತುಕೊಂಡು ಹೋದಳು. ಆಗ ಹೆದರಿಕೆ ಬಂತು. ಸೆರೆಮನೆಯ ಗೋಡೆಗೆ ತಲೆ ಬಡಿದುಕೊಳ್ಳುವವರ ಹೆದರಿಕೆ ಅದು. ಆ ಹೊತ್ತಿನಲ್ಲೇ ಕ್ಲಿನಿಕ್ಕಿಗೆ ಬೀಗ ಹಾಕಿ, ದಾರಿ ಕೇಳಿಕೊಂಡು, ಸೈಕಲ್ ಅಂಗಡಿಯ ಮೇಲಿನ ಮನೆಗೆ ಹೋದರು.

ಬಾಗಿಲು ತೆರೆದದ್ದು ಮೇಷ್ಟ್ರ ಹೆಂಡತಿ, ಎಂದರೆ ಈ ನಮ್ಮ ಅಜ್ಜಿ. ಡಾಕ್ಟರಮ್ಮ ಒಳಗೆ ಕೂತು, ನೀರನ್ನೂ ಮುಟ್ಟದೆ, ಎಲ್ಲವನ್ನೂ ಹೇಳಿದರು. ಹೇಳಿ ಮುಗಿಸಿ, ಈಯಮ್ಮ ಅಳುತ್ತಾರೋ, ಹುಚ್ಚಿ ಎಂದು ಹೊರಗೆ ಹಾಕುತ್ತಾರೋ ಎಂದು ತಲೆತಗ್ಗಿಸಿಕೊಂಡರು. ಅವರು ಅಳಲಿಲ್ಲ. ಎದ್ದು ಸೊಂಟಕ್ಕೆ ಕೈಯಿಟ್ಟು, ಖಾಲಿ ಕುರ್ಚಿಯೊಂದನ್ನು ನೋಡುತ್ತ ಅಂದರು:

"ಬದುಕಿದ್ದಾಗ ನನ್ನ ತಲೆ ತಿಂದಿದ್ದು ಸಾಲಲಿಲ್ವಾ ನಿಮಗೆ? ಈಗ ಈ ಹೆಣ್ಣುಮಗಳ ತಲೆ ತಿನ್ನೋಕೆ ಹೋಗಿದ್ದೀರಾ?"

"ಅಮ್ಮ, ಅವರಿಗೆ ಏನು ಬೇಕಾಗಿತ್ತು?" ಡಾಕ್ಟರಮ್ಮ ಕೇಳಿದರು. "ನಂಗೆ ಗೊತ್ತಿರೋದನ್ನೆಲ್ಲ ಮಾಡಿದೀನಿ. ಕೂದಲೆಳೆ ಅಂತಿದ್ರೇ ಹೊರತು ಏನು ಅಂತ ಹೇಳಲೇ ಇಲ್ಲ."

"ಹೇಳೋಕೆ ಬರ್ತಿದ್ರೆ ಪೀಪಿ ಯಾಕೆ ಊದ್ತಿದ್ರು?" ಎಂದರು ಅವರು. ಒಳಗೆ ಹೋಗಿ ಕ್ಲಾರಿನೆಟ್ ಪೆಟ್ಟಿಗೆ ತಂದರು. ಬಾಯಲ್ಲಿ ಕಚ್ಚಿ ಹಿಡಿಯುವ ಕಪ್ಪು ತುದಿಯನ್ನು ಕಳಚಿ ಡಾಕ್ಟರಮ್ಮನ ಅಂಗೈಯಲ್ಲಿಟ್ಟರು. "ನಮ್ಮನೆಯವರು ಒಂದೇ ಒಂದು ತುದಿ ಇಟ್ಕೊಂಡಿದ್ರು, ಬದಲಾಯಿಸಲೇ ಇಲ್ಲ. ಬೆರಳಾಡಿಸಿ ನೋಡಿ."

ಡಾಕ್ಟರಮ್ಮ ಹೆಬ್ಬೆರಳನ್ನು ಆಡಿಸಿದರು. ಮೇಲ್ಭಾಗದಲ್ಲಿ ಎರಡು ತಗ್ಗು. ಆಯುಷ್ಯವಿಡೀ ಹಲ್ಲೂರಿ ಸವೆದ ತಗ್ಗು. ಒಂದು ಆಳ, ಅಂಚಿನಿಂದ ತುಸು ದೂರ. ಇನ್ನೊಂದು ಆಳವಿಲ್ಲ, ಬಾಯೊಳಗೆ ಹೋಗುವ ಅಂಚಿನ ಹತ್ತಿರ, ಸೊಟ್ಟ. ನೆಟ್ಟಗಿನ ಯಾವ ಎರಡು ಹಲ್ಲೂ ಒಟ್ಟಿಗೆ ಆ ಎರಡು ತಗ್ಗಿನಲ್ಲಿ ಕೂರಲು ಸಾಧ್ಯವಿರಲಿಲ್ಲ. ಒಂದು ಸ್ವಲ್ಪ ಓರೆಯಾಗೇ ಎಂದು ಅಂಗೈ ಅಡ್ಡ ಹಿಡಿದು ಕೇಳಿದ್ದ ಮನುಷ್ಯನ ಮುಖ ಕಣ್ಣೆದುರು ಬಂತು. ಹೇಳಿದ್ದರು. ಒಂದೇ ಒಂದು ಸಲ, ಆದರೆ ಹೇಳಿದ್ದರು.

ಅವತ್ತೇ ಇಬ್ಬರೂ ಕ್ಲಿನಿಕ್ಕಿಗೆ ಬಂದರು. ಹಿಂದಿನ ಕೋಣೆಯಲ್ಲಿ ಡಾಕ್ಟರಮ್ಮ, ಹುಡುಗಿಯ ಅಳತೆಯಿಂದ ಎದ್ದುಬಂದ ಮೇಷ್ಟ್ರ 'ಹೊಸ' ಅಚ್ಚಿನ ಮೇಲೆ ಮೇಣವಿಟ್ಟು ಹಲ್ಲು ಜೋಡಿಸತೊಡಗಿದರು. ಅಂದಿನವರೆಗೆ ಕಲಿತದ್ದಕ್ಕೆಲ್ಲ ವಿರುದ್ಧವಾಗಿ, ಒಂದನ್ನು ಮುಂದೆ ತಳ್ಳಿ, ಇನ್ನೊಂದನ್ನು ಓರೆ ಮಾಡಿ. ಪಕ್ಕದ ಸ್ಟೂಲಿನ ಮೇಲೆ ಮೇಷ್ಟ್ರ ಹೆಂಡತಿ.

"ಇನ್ನೂ ಸ್ವಲ್ಪ ಓರೆ. ಅಲ್ಲ, ಅಷ್ಟಲ್ಲ, ಅಷ್ಟಾದ್ರೆ ನಮ್ಮ ಮಾವನವರ ಥರ ಕಾಣ್ತಾರೆ. ಒಂಚೂರು ಹಿಂದಕ್ಕೆ... ಆ ಕಡೆದು ಒಂಚೂರು ಮೇಲೆ..."

ಮೇಣ ಆರುತ್ತಿತ್ತು, ಮತ್ತೆ ಕರಗಿಸಬೇಕಾಗುತ್ತಿತ್ತು. ಇಬ್ಬರಿಗೂ ತಾಳ್ಮೆ ಕೆಟ್ಟು ಒಂದೆರಡು ಮಾತೂ ಆದವು. ಒಮ್ಮೆ ಡಾಕ್ಟರಮ್ಮ ಚಾಕು ಬಿಸಾಕಿ, ನಂದಾಗಲ್ಲ ಎಂದರು. ಇವರು ಅದನ್ನು ಎತ್ತಿ ಒರೆಸಿ ಕೈಗೆ ಕೊಟ್ಟರು. ಕೊನೆಗೆ ಬೇಸರದಲ್ಲೇ ಒಂದು ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿ ಡಾಕ್ಟರಮ್ಮ ಮುಖವೆತ್ತಿದಾಗ, ಮೇಷ್ಟ್ರ ಹೆಂಡತಿ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ಮೇಜಿನ ಮೇಲಿನ ಪ್ಲಾಸ್ಟರಿನಲ್ಲಿ ಅವರ ಗಂಡ ನಗುತ್ತಿದ್ದರು.

ಡಾಕ್ಟರಮ್ಮ ಕಪ್ಪು ತುದಿಯನ್ನು ತಂದು ಆ ಎರಡು ಹಲ್ಲಿನಡಿ ಹಿಡಿದರು. ಟಕ್ ಎಂದು ಕೂತಿತು.

ಸೆಟ್ಟು ಸಿದ್ಧವಾದ ಮೇಲೆ ಹೆಂಡತಿ ಅದನ್ನು ಮನೆಗೆ ತಂದು, ಗಾಜಿನ ಲೋಟದ ನೀರಿನಲ್ಲಿ ಹಾಕಿ, ಕಿಟಕಿಯ ಬಳಿ ಕ್ಲಾರಿನೆಟ್ ಪಕ್ಕದಲ್ಲಿಟ್ಟರು. ಅತ್ತ ಡಾಕ್ಟರಮ್ಮ ಬ್ಯಾಂಕಿನ ಹುಡುಗಿಯ ಮನೆಗೇ ಹೋಗಿ ಕೈಮುಗಿದು ಕರೆತಂದು ಮತ್ತೆ ಅಳತೆ ತೆಗೆದರು. ಕಳಚುವಾಗ ಕಣ್ಣು ಮುಚ್ಚಿಕೊಂಡಿದ್ದರಂತೆ. ಬಿಟ್ಟು ನೋಡಿದರೆ ದಾಳಿಂಬೆ ಬೀಜ ಜೋಡಿಸಿದ ಹಾಗೆ ಹುಡುಗಿಯ ಹಲ್ಲು, ಮುರಿದದ್ದೊಂದನ್ನು ಬಿಟ್ಟು ಎಲ್ಲವೂ.

ಕೆಲವು ದಿನಗಳಾದ ಮೇಲೆ, ಮಧ್ಯಾಹ್ನ ಅಂಗಡಿಯಿಂದ ಮರಳುತ್ತಿದ್ದ ಮೇಷ್ಟ್ರ ಹೆಂಡತಿಗೆ ಸೈಕಲ್‌ನವನು ಪಾನಾ ಕೆಳಗಿಟ್ಟು ಬಾಗಿಲಲ್ಲಿ ನಿಂತದ್ದು ಕಂಡಿತು. ಅವನು ಮೇಲಕ್ಕೆ ಕೈ ತೋರಿಸಿದ. ಅರ್ಧ ಮೆಟ್ಟಿಲು ಹತ್ತುವಾಗ ಅವರಿಗೂ ಕೇಳಿಸಿತು. ಬಾತುಕೋಳಿಯಲ್ಲ. ನೀಳವಾದ, ತುಂಬಿದ, ಎಲ್ಲಿಯೂ ಜಾರದ ಸ್ವರ.

"ನಾನು ಬಾಗಿಲು ತೆಗೀಲಿಲ್ಲ," ಎಂದರು ಅಜ್ಜಿ. "ತೆಗೆದ್ರೆ ನಿಂತುಹೋಗುತ್ತೆ ಅಂತ ಗೊತ್ತಿತ್ತು. ಚೀಲ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೇ ಕೂತೆ. ಮುಗಿದ ಮೇಲೆ ಒಳಗೆ ಹೋದ್ರೆ ಯಾರೂ ಇಲ್ಲ. ಲೋಟದಲ್ಲಿ ನೀರಿತ್ತು, ಹಲ್ಲಿತ್ತು. ಪೀಪಿ ಮುಟ್ಟಿ ನೋಡಿದೆ... ತುದಿ ಒದ್ದೆ."

ಕೆನ್ನೆ ಹಿಡಿದಿದ್ದ ಹೆಂಗಸು ಕೈ ಬಿಟ್ಟಿದ್ದಳು. ಕಂಡಕ್ಟರ್, "ಅಂತೂ ಆ ಜೀವಕ್ಕೆ ಶಾಂತಿ ಸಿಕ್ತಲ್ಲ ಬಿಡಿ" ಎಂದರು.

"ಶಾಂತಿನಾ? ಅವರಿಗಾ?" ಅಜ್ಜಿ ಕಂಡಕ್ಟರರ ಮುಖವನ್ನೇ ನೋಡಿದರು. "ಕಟ್ಟಿಸಿದ ಹಲ್ಲು ಹಾಕ್ಕೊಂಡ ವಸಡು ವರ್ಷ ವರ್ಷ ಸವೆದು ತಗ್ಗುತ್ತೆ, ಸೆಟ್ಟು ಲೊಡಲೊಡ ಅನ್ನುತ್ತೆ, ಆಗಾಗ ಒಳಗಡೆ ತುಂಬಿಸಿ ಸರಿಮಾಡಿಸ್ತಿರಬೇಕು ಅಂತ ಡಾಕ್ಟರಮ್ಮ ನಿಮಗೆಲ್ಲ ಹೇಳಿರ್ತಾರೆ. ಬದುಕಿರೋರಿಗೆ ಸರಿ. ಸತ್ತೋರ ವಸಡೂ ಸವೆಯುತ್ತೆ ಅಂತ ನಂಗೇನು ಗೊತ್ತಿತ್ತು, ಹೇಳಿ?"

ಆ ಹೊತ್ತಿಗೆ ದೀಪ ಬಂತು. ಒಳಗೆ ಯಂತ್ರ ಮತ್ತೆ ಜುಂಯ್ ಎಂದಿತು. ಅಜ್ಜಿ ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕಿದರು. ಸಂಚಿಯಿಂದ ಒಂದು ಪುಟ್ಟ ಡಬ್ಬಿ ತೆಗೆದು ಮುಚ್ಚಳ ತೆರೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದರು. ಒಂದು ಸಾಲು ಹಲ್ಲು, ಮುಂದಿನ ಎರಡು ಓರೆ. ಎಲ್ಲ ಹಲ್ಲಿನ ಅಂಚೂ ಅಗಿದು ಅಗಿದು ಸವೆದು ಚಪ್ಪಟೆಯಾಗಿತ್ತು.

"ನಂದು ಎಲ್ಲ ನನ್ನ ಸ್ವಂತ ಹಲ್ಲೇ. ಇದನ್ನ ನಾನಂತೂ ಹಾಕ್ಕೊಳ್ಳಲ್ಲ," ಎಂದರು. "ಮೊನ್ನೆ ಯಾರದೋ ಅಳತೆ ತಗೊಂಡ್ರಂತೆ, ಕಳಚಿ ನೋಡಿದ್ರೆ ನಮ್ಮನೆಯವರದೇ ಅಂತೆ. ಡಾಕ್ಟರಮ್ಮ ಹೇಳಿಕಳಿಸಿದ್ರು. ಯಾರದು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ."

ಸಿಸ್ಟರ್ ಬಾಗಿಲಿಗೆ ಬಂದು, "ಮುಂದೆ ಯಾರು?" ಎಂದಳು. ಬೆಂಚಿನ ಮೇಲಿದ್ದ ಯಾರೂ ಏಳಲಿಲ್ಲ.

ಅಜ್ಜಿ ಡಬ್ಬಿ ಮುಚ್ಚಿಕೊಂಡು ಎದ್ದರು. "ತಪ್ಪು ತಿಳ್ಕೋಬೇಡಿ, ಸಾಲು ಮುರೀತೀನಿ ಅಂತ. ನಾನು ಮೊದಲು ಹೋಗಿಬರ್ತೀನಿ. ಇವರದು ಕೂರೋವರೆಗೂ ನಿಮ್ಮ ಯಾರದೂ ಕೂರಲ್ಲ."